ಕಣ್ಣಿನ ಒತ್ತಡ ಮತ್ತು ಗ್ಲಾಕೋಮಾ: ಅಳತೆ, ಚಿಕಿತ್ಸೆ ಹಾಗೂ ಗ್ರಾಮ ಪಂಚಾಯತಿಗಳ ಪಾತ್ರ

(ಗ್ರಾಮ ಪಂಚಾಯತಿ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರ ಮಾಹಿತಿಗಾಗಿ)



ಗ್ರಾಮದ ಹಿರಿಯರೊಬ್ಬರಿಗೆ ದೃಷ್ಟಿ ಮಂದವಾದರೆ, “ಪೊರೆ ಬಂದಿದೆ, ಬಲಿತ ಮೇಲೆ ತೆಗೆಸಿದರಾಯಿತು” ಎಂದು ಹೇಳುವುದು ವಾಡಿಕೆ. ಅನೇಕ ಸಂದರ್ಭಗಳಲ್ಲಿ ಪೊರೆಯೇ ಕಾರಣವಾಗಿರುತ್ತದೆ; ಶಸ್ತ್ರಚಿಕಿತ್ಸೆಯ ನಂತರ ದೃಷ್ಟಿ ಮರಳುತ್ತದೆ. ಆದರೆ ಅದೇ ವಯಸ್ಸಿನವರನ್ನು ಬಾಧಿಸುವ, ನೋವಿಲ್ಲದೆ ಮುಂದುವರಿಯುವ ಮತ್ತೊಂದು ರೋಗವಿದೆ. ಅದೇ ಗ್ಲಾಕೋಮಾ. ಈ ರೋಗದಿಂದ ನಷ್ಟವಾದ ದೃಷ್ಟಿಯನ್ನು ಯಾವ ಔಷಧವೂ, ಯಾವ ಶಸ್ತ್ರಚಿಕಿತ್ಸೆಯೂ ಮರಳಿ ತರಲಾರದು. ಪೊರೆ ಬಲಿಯಲೆಂದು ಕಾಯುವ ವರ್ಷಗಳಲ್ಲಿ ಗ್ಲಾಕೋಮಾ ಇದ್ದವರು ಉಳಿಸಿಕೊಳ್ಳಬಹುದಾಗಿದ್ದ ದೃಷ್ಟಿಯನ್ನು ಕಳೆದುಕೊಳ್ಳುತ್ತಾರೆ. ಆದುದರಿಂದ ಈ ರೋಗವನ್ನು ಹೇಗೆ ಗುರುತಿಸುತ್ತಾರೆ, ಚಿಕಿತ್ಸೆಯ ಬಗ್ಗೆ ಸಂಶೋಧನೆಗಳು ಏನನ್ನು ತೋರಿಸಿಕೊಟ್ಟಿವೆ ಮತ್ತು ಪಂಚಾಯತಿಗಳು ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ರೋಗದ ಸ್ವರೂಪ

ಕಣ್ಣಿನಿಂದ ಮೆದುಳಿಗೆ ನೋಟವನ್ನು ಒಯ್ಯುವ ದೃಷ್ಟಿನರದಲ್ಲಿ ಸುಮಾರು 10ರಿಂದ 12 ಲಕ್ಷ ಸೂಕ್ಷ್ಮ ಎಳೆಗಳಿರುತ್ತವೆ. ಗ್ಲಾಕೋಮಾದಲ್ಲಿ ಈ ಎಳೆಗಳು ಕ್ರಮೇಣ ನಾಶವಾಗುತ್ತವೆ. ಮೊದಲು ಕುಂದುವುದು ಸಾಮಾನ್ಯವಾಗಿ ಅಂಚಿನ ನೋಟ. ನೇರ ನೋಟ ಬಹುಕಾಲ ಉಳಿದಿರುತ್ತದೆ. ರೋಗಿಯು ಎದುರಿಗಿರುವವರ ಮುಖ ಗುರುತಿಸಬಲ್ಲರು, ಪಹಣಿ ಓದಬಲ್ಲರು; ಆದರೆ ಪಕ್ಕದಿಂದ ಬರುವ ವಾಹನ, ಕಾಲಬಳಿಯ ಮೆಟ್ಟಿಲು, ಬದಿಯಲ್ಲಿರುವ ದನ ಕಾಣದೆ ಎಡವುತ್ತಾರೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಕೊಡುವುದರಿಂದ ನಷ್ಟವು ಬಹುಕಾಲ ಗಮನಕ್ಕೆ ಬರುವುದೇ ಇಲ್ಲ.

ನೆರೆಯ ತಮಿಳುನಾಡಿನ ಗ್ರಾಮೀಣ ಭಾಗಗಳಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆಯ ತಜ್ಞರು 40 ವರ್ಷ ಮೀರಿದ 5,150 ಮಂದಿಯನ್ನು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆಗೆ ಒಳಗಾದವರಲ್ಲಿ ಶೇ. 2.6ರಷ್ಟು ಮಂದಿಗೆ ಗ್ಲಾಕೋಮಾ ಇತ್ತು. ಅದರ ಪ್ರಮುಖ ವಿಧವಾದ ತೆರೆದ ಕೋನದ ಗ್ಲಾಕೋಮಾ ಇದ್ದವರಲ್ಲಿ ಶೇ. 93ರಷ್ಟು ಮಂದಿಗೆ, ತಮಗೆ ಈ ರೋಗವಿದೆಯೆಂದು ಅದಕ್ಕೆ ಮೊದಲು ಯಾರೂ ತಿಳಿಸಿರಲಿಲ್ಲ. ಒಂದು ಪಂಚಾಯತಿ ವ್ಯಾಪ್ತಿಯಲ್ಲಿ 40 ದಾಟಿದವರು 2,000 ಮಂದಿ ಇದ್ದಾರೆಂದು ಭಾವಿಸಿದರೆ, ಇದೇ ಪ್ರಮಾಣದಲ್ಲಿ ಸುಮಾರು 50 ಮಂದಿಗೆ ರೋಗವಿರಬಹುದು. ಅವರಲ್ಲಿ ಬಹುತೇಕರಿಗೆ ಅದು ತಿಳಿದಿರಲಾರದು.

2. ಕಣ್ಣಿನೊಳಗಿನ ಒತ್ತಡ ಎಂದರೇನು?

ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ದ್ರವವೊಂದು ಸದಾ ಉತ್ಪತ್ತಿಯಾಗಿ, ಸದಾ ಹೊರಹೋಗುತ್ತಿರುತ್ತದೆ. ಇದು ಕಣ್ಣೀರಲ್ಲ. ಕಣ್ಣೀರು ಕಣ್ಣಿನ ಹೊರಮೈಯಲ್ಲಿರುತ್ತದೆ. ಈ ದ್ರವ ಕಣ್ಣುಗುಡ್ಡೆಯ ಒಳಗೇ ಇದ್ದು, ಮಸೂರ ಮತ್ತು ಕಾರ್ನಿಯಾಗಳಿಗೆ ಪೋಷಣೆ ನೀಡುತ್ತದೆ. ಕಾರ್ನಿಯಾ ಹಾಗೂ ಐರಿಸ್ ಎಂಬ ಬಣ್ಣದ ಪಟಲ ಕೂಡುವ ಕೋನದಲ್ಲಿ ಸೂಕ್ಷ್ಮವಾದ ಜಾಲರಿಯಿದ್ದು, ದ್ರವವು ಅದರ ಮೂಲಕ ಸೋಸಿ ರಕ್ತನಾಳಗಳನ್ನು ಸೇರುತ್ತದೆ.

ಇದನ್ನು ಕೆರೆಯ ವ್ಯವಸ್ಥೆಗೆ ಹೋಲಿಸಬಹುದು. ಹಳ್ಳದಿಂದ ಬರುವ ನೀರಿಗೂ ಕೋಡಿಯಿಂದ ಹೊರಡುವ ನೀರಿಗೂ ಸಮತೋಲನವಿದ್ದಾಗ ಏರಿ ಸುರಕ್ಷಿತ. ಕೋಡಿಯಲ್ಲಿ ಹೂಳು ತುಂಬಿದರೆ ನೀರು ನಿಧಾನವಾಗಿ ಏರುತ್ತದೆ. ಜಾಲರಿಯು ಸರಿಯಾಗಿ ಸೋಸದೆ ಒತ್ತಡ ನಿಧಾನವಾಗಿ ಏರುವ ಇಂತಹ ಸ್ಥಿತಿಯೇ ತೆರೆದ ಕೋನದ ಗ್ಲಾಕೋಮಾ. ಕೋಡಿಗೆ ಅಡ್ಡಲಾಗಿ ಏನಾದರೂ ಬಿದ್ದು ಮುಚ್ಚಿದರೆ ನೀರು ಒಮ್ಮೆಲೇ ಏರಬಹುದು. ಐರಿಸ್ ಪಟಲವೇ ಜಾಲರಿಯನ್ನು ಮುಚ್ಚುವ ಸ್ಥಿತಿಯನ್ನು ಮುಚ್ಚಿದ ಕೋನದ ಗ್ಲಾಕೋಮಾ ಎನ್ನುತ್ತಾರೆ. ಎರಡರಲ್ಲಿಯೂ ಒತ್ತಡದ ಭಾರ ಕಣ್ಣಿನ ಹಿಂಭಾಗದ ದೃಷ್ಟಿನರದ ಮೇಲೆ ಬೀಳುತ್ತದೆ.

ಈ ಒತ್ತಡವನ್ನು ಪಾದರಸದ ಮಿಲಿಮೀಟರ್‌ಗಳಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ಅದು 10ರಿಂದ 21ರ ನಡುವೆ ಇರುತ್ತದೆ. ರಕ್ತದೊತ್ತಡವನ್ನೂ ಇದೇ ಮಾನದಲ್ಲಿ ಅಳೆಯುವುದರಿಂದ ಅನೇಕರು ಎರಡೂ ಒಂದೇ ಎಂದು ಭಾವಿಸುತ್ತಾರೆ. ಅವು ಬೇರೆ ಬೇರೆ. ಬಿ.ಪಿ. ಸರಿಯಿದೆ ಎಂದ ಮಾತ್ರಕ್ಕೆ ಕಣ್ಣಿನ ಒತ್ತಡ ಸರಿಯಿದೆ ಎಂದಾಗುವುದಿಲ್ಲ.

3. ಒತ್ತಡವನ್ನು ಅಳೆಯುವ ಬಗೆ

ಹತ್ತೊಂಬತ್ತನೆಯ ಶತಮಾನದ ವೈದ್ಯರು ರೆಪ್ಪೆಯ ಮೇಲೆ ಬೆರಳಿಟ್ಟು ಒತ್ತಿ, ಕಣ್ಣು ಗಟ್ಟಿಯಾಗಿದೆಯೇ ಮೃದುವಾಗಿದೆಯೇ ಎಂದು ಅಂದಾಜಿಸುತ್ತಿದ್ದರು. 1905ರಲ್ಲಿ ನಾರ್ವೆಯ ವೈದ್ಯ ಯಾಲ್ಮರ್ ಶಿಯೋಟ್ಸ್ ಒಂದು ಸರಳ ಉಪಕರಣವನ್ನು ರೂಪಿಸಿದರು. ಮಲಗಿದ ರೋಗಿಯ ಕಾರ್ನಿಯಾದ ಮೇಲೆ ಅದನ್ನಿಟ್ಟಾಗ, ಅದರ ಭಾರದ ಕಡ್ಡಿ ಎಷ್ಟು ತಗ್ಗು ಮಾಡುತ್ತದೆ ಎಂಬುದರಿಂದ ಒತ್ತಡ ತಿಳಿಯುತ್ತದೆ. ಅಗ್ಗವೂ ವಿದ್ಯುತ್ ಬೇಡದ್ದೂ ಆದ ಈ ಉಪಕರಣ ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ ಶಿಬಿರಗಳಲ್ಲಿಯೂ ದೀರ್ಘಕಾಲ ಬಳಕೆಯಲ್ಲಿತ್ತು.

1950ರ ದಶಕದಲ್ಲಿ ಸ್ವಿಟ್ಜರ್ಲೆಂಡ್‌ನ ಹಾನ್ಸ್ ಗೋಲ್ಡ್‌ಮನ್ ಇನ್ನೂ ನಿಖರವಾದ ಮಾರ್ಗವನ್ನು ಕಂಡುಕೊಂಡರು. ಕಾರ್ನಿಯಾದ ಮೇಲೆ 3.06 ಮಿಲಿಮೀಟರ್ ವ್ಯಾಸದ ವೃತ್ತವನ್ನು ಚಪ್ಪಟೆ ಮಾಡಲು ಎಷ್ಟು ಬಲ ಬೇಕೆಂಬುದನ್ನು ಅಳೆಯುವುದು ಈ ವಿಧಾನ. ಮರಗಟ್ಟಿಸುವ ಹನಿ ಹಾಗೂ ಹಳದಿ ಬಣ್ಣವನ್ನು ಕಣ್ಣಿಗೆ ಹಾಕಿ, ನೀಲಿ ಬೆಳಕಿನಲ್ಲಿ ನೋಡಿ ಅಳೆಯುತ್ತಾರೆ. ನೋವಿರುವುದಿಲ್ಲ. ಇಂದಿಗೂ ಇತರ ಉಪಕರಣಗಳನ್ನು ಇದರೊಂದಿಗೇ ಹೋಲಿಸಿ ನೋಡುತ್ತಾರೆ. ಕನ್ನಡಕದ ಅಂಗಡಿಗಳಲ್ಲಿ ಹಾಗೂ ಶಿಬಿರಗಳಲ್ಲಿ ಗಾಳಿಯನ್ನು ಊದಿ ಅಳೆಯುವ ಯಂತ್ರಗಳೂ ಇವೆ. ಕಣ್ಣಿಗೆ ಏನೂ ತಾಗದ ಕಾರಣ ಅವು ಅನುಕೂಲಕರವಾದರೂ, ಸಂಶಯಾಸ್ಪದ ಅಂಕಿ ಬಂದಾಗ ಗೋಲ್ಡ್‌ಮನ್ ವಿಧಾನದಲ್ಲಿ ಮತ್ತೊಮ್ಮೆ ನೋಡಿಸಿಕೊಳ್ಳುವುದು ಅಗತ್ಯ.

4. ಅಂಕಿಯೊಂದೇ ಸಾಲದು

ಒತ್ತಡದ ಅಂಕಿ ಮುಖ್ಯವಾದುದು. ಆದರೆ ಆ ಅಂಕಿಯನ್ನೇ ರೋಗವೆಂದು ತಿಳಿಯಬಾರದು. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದಾಗಿ, ಒತ್ತಡವು ದಿನದ ಎಲ್ಲ ವೇಳೆಯಲ್ಲಿ ಒಂದೇ ಆಗಿರುವುದಿಲ್ಲ. ಮಧ್ಯಾಹ್ನದ ಶಿಬಿರದಲ್ಲಿ 18 ಇದ್ದುದು ರಾತ್ರಿ ಮಲಗಿದಾಗ ಅಥವಾ ನಸುಕಿನಲ್ಲಿ ಅದಕ್ಕಿಂತ ಹೆಚ್ಚಿರಬಹುದು.

ಎರಡನೆಯದಾಗಿ, ಕಾರ್ನಿಯಾದ ದಪ್ಪ ಎಲ್ಲರಲ್ಲಿಯೂ ಒಂದೇ ಅಲ್ಲ. ಗೋಲ್ಡ್‌ಮನ್ ವಿಧಾನವು ಸುಮಾರು ಅರ್ಧ ಮಿಲಿಮೀಟರ್ ದಪ್ಪವನ್ನು ಆಧರಿಸಿದೆ. ಕಾರ್ನಿಯಾ ತೆಳುವಾಗಿದ್ದರೆ ಯಂತ್ರವು ನಿಜಕ್ಕಿಂತ ಕಡಿಮೆ ಅಂಕಿಯನ್ನೂ, ದಪ್ಪವಾಗಿದ್ದರೆ ಹೆಚ್ಚಿನ ಅಂಕಿಯನ್ನೂ ತೋರಿಸುತ್ತದೆ. ಆದುದರಿಂದಲೇ ತಜ್ಞರು ಕಾರ್ನಿಯಾದ ದಪ್ಪವನ್ನೂ ಅಳೆಯುತ್ತಾರೆ.

ಮೂರನೆಯದಾಗಿ, ಒತ್ತಡ 21ರ ಒಳಗಿದ್ದರೂ ಗ್ಲಾಕೋಮಾ ಬರಬಹುದು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ನಡೆದು 1991ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಗ್ಲಾಕೋಮಾ ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಒತ್ತಡವು ಮೊದಲ ತಪಾಸಣೆಯಲ್ಲಿ ಸಾಮಾನ್ಯ ಮಟ್ಟದಲ್ಲಿಯೇ ಇತ್ತು. ಒತ್ತಡವನ್ನಷ್ಟೇ ಅಳೆದು ಕಳುಹಿಸಿದ್ದರೆ ಅವರೆಲ್ಲರೂ “ನಿಮಗೆ ಏನೂ ಇಲ್ಲ” ಎಂಬ ಮಾತನ್ನು ಕೇಳಿಕೊಂಡು ಮನೆಗೆ ಹೋಗುತ್ತಿದ್ದರು.

ಹಾಗಾದರೆ ರೋಗವನ್ನು ಖಚಿತಪಡಿಸುವುದು ಹೇಗೆ? ವೈದ್ಯರು ಪಾಪೆಯ ಮೂಲಕ ದೃಷ್ಟಿನರದ ತುದಿಯನ್ನು ನೇರವಾಗಿ ನೋಡುತ್ತಾರೆ. ನರದ ನಡುವಿನ ಗುಣಿ ಅಗಲವಾಗಿದ್ದರೆ ಎಳೆಗಳು ನಾಶವಾಗಿರುವ ಸೂಚನೆ ದೊರೆಯುತ್ತದೆ. ಕನ್ನಡಿಯುಳ್ಳ ವಿಶೇಷ ಮಸೂರದಿಂದ ಕೋನವು ತೆರೆದಿದೆಯೇ ಮುಚ್ಚಿದೆಯೇ ಎಂದು ಪರೀಕ್ಷಿಸುತ್ತಾರೆ. ಯಂತ್ರದ ಮುಂದೆ ಕೂರಿಸಿ, ಸುತ್ತಲೂ ಮಿನುಗುವ ಬೆಳಕಿನ ಚುಕ್ಕೆಗಳು ಕಾಣುತ್ತವೆಯೇ ಎಂದು ಕೇಳಿ ದೃಷ್ಟಿಕ್ಷೇತ್ರವನ್ನು ಗುರುತಿಸುತ್ತಾರೆ. ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುವ ಪರೀಕ್ಷೆ ನೇರ ನೋಟವನ್ನು ಮಾತ್ರ ಅಳೆಯುತ್ತದೆ. ಕೊನೆಯ ಸಾಲಿನವರೆಗೆ ಓದಿದವರಿಗೂ ಗ್ಲಾಕೋಮಾ ಇರಬಹುದು.

5. ಒತ್ತಡ ಇಳಿಸುವುದರಿಂದ ಪ್ರಯೋಜನವುಂಟೇ?

ಈ ಪ್ರಶ್ನೆಗೆ ಖಚಿತ ಉತ್ತರ ದೊರೆತದ್ದು ಈಚಿನ ಮೂರು ದಶಕಗಳಲ್ಲಿ.

ಅಮೆರಿಕದಲ್ಲಿ ಕಣ್ಣಿನ ಒತ್ತಡ ಹೆಚ್ಚಿದ್ದು, ನರಕ್ಕೆ ಇನ್ನೂ ಹಾನಿಯಾಗದ 1,636 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹನಿ ಔಷಧ ನೀಡಿ, ಇನ್ನೊಂದನ್ನು ಔಷಧವಿಲ್ಲದೆ ಗಮನಿಸಲಾಯಿತು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 5 ವರ್ಷಗಳಲ್ಲಿ ಔಷಧ ಪಡೆಯದವರಲ್ಲಿ ಶೇ. 9.5ರಷ್ಟು ಮಂದಿಗೆ ಗ್ಲಾಕೋಮಾ ಬಂದರೆ, ಔಷಧ ಪಡೆದವರಲ್ಲಿ ಅದು ಶೇ. 4.4ಕ್ಕೆ ಇಳಿದಿತ್ತು. ಅಪಾಯ ಅರ್ಧಕ್ಕಿಂತ ಕಡಿಮೆಯಾಯಿತು. ಜೊತೆಗೆ, ಒತ್ತಡ ಹೆಚ್ಚಿದ್ದರೂ ಔಷಧವಿಲ್ಲದೆಯೇ ಬಹುಪಾಲು ಮಂದಿ ಆ ಅವಧಿಯಲ್ಲಿ ಆರೋಗ್ಯವಾಗಿಯೇ ಉಳಿದರು ಎಂಬುದೂ ಸ್ಪಷ್ಟವಾಯಿತು. ಆದುದರಿಂದ ಹೆಚ್ಚಿನ ಅಂಕಿ ಬಂದೊಡನೆ ಗಾಬರಿಪಡಬೇಕಿಲ್ಲ. ಔಷಧ ಬೇಕೇ, ಗಮನಿಸುತ್ತಿದ್ದರೆ ಸಾಕೇ ಎಂಬುದನ್ನು ನೇತ್ರತಜ್ಞರು ನಿರ್ಧರಿಸುತ್ತಾರೆ.

ಅದೇ ವರ್ಷ ಸ್ವೀಡನ್‌ನಿಂದ ಬಂದ ವರದಿ, ರೋಗ ಆಗಲೇ ಆರಂಭವಾಗಿದ್ದ 255 ಮಂದಿಗೆ ಸಂಬಂಧಿಸಿದ್ದು. ಸುಮಾರು 6 ವರ್ಷಗಳಲ್ಲಿ ಚಿಕಿತ್ಸೆಯಿಲ್ಲದವರಲ್ಲಿ ಶೇ. 62ರಷ್ಟು ಮಂದಿಯ ರೋಗ ಮುಂದುವರಿದರೆ, ಚಿಕಿತ್ಸೆ ಪಡೆದವರಲ್ಲಿ ಶೇ. 45ರಷ್ಟು ಮಂದಿಯದು ಮುಂದುವರಿಯಿತು. ಒತ್ತಡವು ಒಂದು ಮಿಲಿಮೀಟರ್ ಇಳಿದರೂ ರೋಗ ಮುಂದುವರಿಯುವ ಅಪಾಯ ಸುಮಾರು ಶೇ. 10ರಷ್ಟು ತಗ್ಗುತ್ತದೆ ಎಂಬುದು ಈ ಅಧ್ಯಯನದ ಮುಖ್ಯ ನಿರ್ಣಯ. ಒತ್ತಡ ಸಾಮಾನ್ಯ ಮಟ್ಟದಲ್ಲಿದ್ದೂ ರೋಗ ಬಂದವರಲ್ಲಿ ಅದನ್ನು ಇನ್ನೂ ಶೇ. 30ರಷ್ಟು ಇಳಿಸಿದರೆ ನರಕ್ಕೆ ರಕ್ಷಣೆ ದೊರೆಯುತ್ತದೆ ಎಂಬುದನ್ನು 1998ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ತೋರಿಸಿತ್ತು.

ಈ ಅಂಕಿಗಳ ಒಟ್ಟು ಅರ್ಥವಿಷ್ಟು: ಚಿಕಿತ್ಸೆಯು ರೋಗವನ್ನು ನಿಧಾನಗೊಳಿಸುತ್ತದೆ, ಅನೇಕರಲ್ಲಿ ತಡೆಯುತ್ತದೆ, ಆದರೆ ಹೋದ ದೃಷ್ಟಿಯನ್ನು ಮರಳಿಸುವುದಿಲ್ಲ. ಎಷ್ಟು ದೃಷ್ಟಿ ಉಳಿದಿರುವಾಗ ರೋಗ ಪತ್ತೆಯಾಗುತ್ತದೆಯೋ, ಕಾಪಾಡಲು ಸಾಧ್ಯವಿರುವುದು ಅಷ್ಟನ್ನೇ.

6. ಚಿಕಿತ್ಸೆಯ ವಿಧಗಳು

ಹನಿ ಔಷಧ: ಸಾಮಾನ್ಯವಾಗಿ ಚಿಕಿತ್ಸೆ ಇಲ್ಲಿಂದ ಆರಂಭವಾಗುತ್ತದೆ. 1970ರ ದಶಕದ ಕೊನೆಯಲ್ಲಿ ಬಂದ ಟಿಮೊಲಾಲ್ ದ್ರವದ ಉತ್ಪತ್ತಿಯನ್ನು ಕಡಿಮೆ ಮಾಡುತ್ತದೆ. 1990ರ ದಶಕದಲ್ಲಿ ಬಂದ ಲಟಾನೊಪ್ರೋಸ್ಟ್ ದ್ರವದ ಹೊರಹರಿವನ್ನು ಹೆಚ್ಚಿಸುತ್ತದೆ; ದಿನಕ್ಕೆ ಒಂದು ಬಾರಿ ಹಾಕಿದರೆ ಸಾಕು. ಉಬ್ಬಸ ಅಥವಾ ಹೃದಯದ ತೊಂದರೆ ಇರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಅಂಥವರಿಗೆ ಟಿಮೊಲಾಲ್ ಅಪಾಯಕಾರಿಯಾಗಬಹುದು.

ಹನಿ ಔಷಧದ ದೊಡ್ಡ ತೊಡಕು, ಜನರು ಅದನ್ನು ನಿಲ್ಲಿಸಿಬಿಡುವುದು. ಔಷಧ ಹಾಕಿದರೂ ದೃಷ್ಟಿ ಹೆಚ್ಚುವುದಿಲ್ಲ, ನಿಲ್ಲಿಸಿದರೂ ಮರುದಿನವೇ ಕುಂದುವುದಿಲ್ಲ. “ಹಾಕಿ ಪ್ರಯೋಜನವೇನು?” ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ರಕ್ತದೊತ್ತಡದ ಮಾತ್ರೆಯಂತೆ ಇದೂ ಜೀವನಪರ್ಯಂತದ ಔಷಧವೆಂದು ರೋಗಿಗೂ ಮನೆಯವರಿಗೂ ಮೊದಲ ದಿನವೇ ತಿಳಿಯಬೇಕು. ಒಂದು ಬಾರಿಗೆ ಒಂದೇ ಹನಿ ಸಾಕು. ಹಾಕಿದ ನಂತರ ಕಣ್ಣು ಮುಚ್ಚಿ, ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಬೇಕು. ಎರಡು ಔಷಧಗಳಿದ್ದರೆ ನಡುವೆ ಕನಿಷ್ಠ 5 ನಿಮಿಷ ಬಿಡುವಿರಬೇಕು. ಸೀಸೆಯನ್ನು ಬಿಸಿಲಿನಲ್ಲಿ, ಒಲೆಯ ಬಳಿಯಲ್ಲಿ ಇಡಬಾರದು.

ಲೇಸರ್: ಮುಚ್ಚಿದ ಕೋನದ ಗ್ಲಾಕೋಮಾದಲ್ಲಿ ಐರಿಸ್ ಪಟಲದಲ್ಲಿ ಲೇಸರ್ ಕಿರಣದಿಂದ ಸಣ್ಣ ರಂಧ್ರ ಮಾಡಿ ದ್ರವಕ್ಕೆ ಬದಲಿ ದಾರಿ ಮಾಡಿಕೊಡುತ್ತಾರೆ. 1857ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಇದೇ ಉದ್ದೇಶಕ್ಕೆ ಕತ್ತರಿಯಿಂದ ಐರಿಸ್‌ನ ತುಣುಕನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ವರದಿ ಮಾಡಿದ್ದರು. ಇಂದು ಅದು ಕೆಲವೇ ನಿಮಿಷಗಳ ಹೊರರೋಗಿ ಚಿಕಿತ್ಸೆಯಾಗಿದೆ. ತೆರೆದ ಕೋನದ ಗ್ಲಾಕೋಮಾದಲ್ಲಿ ಜಾಲರಿಗೇ ಲೇಸರ್ ನೀಡುವ ವಿಧಾನವಿದೆ. ಬ್ರಿಟನ್ನಿನಲ್ಲಿ 718 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿಗೇ ಈ ಲೇಸರ್ ಪಡೆದವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಮಂದಿಗೆ 3 ವರ್ಷಗಳ ನಂತರವೂ ಹನಿ ಔಷಧದ ಅಗತ್ಯ ಬೀಳಲಿಲ್ಲ. ಪ್ರತಿ ತಿಂಗಳು ಔಷಧ ಕೊಳ್ಳುವುದು ಕಷ್ಟವಾದ ಕುಟುಂಬಗಳಿಗೆ ಇದು ಮಹತ್ವದ ಸಂಗತಿ. ತಮಗೆ ಇದು ಹೊಂದುತ್ತದೆಯೇ ಎಂದು ರೋಗಿಗಳು ನೇತ್ರತಜ್ಞರನ್ನು ಕೇಳಬಹುದು.

ಶಸ್ತ್ರಚಿಕಿತ್ಸೆ: ಹನಿ ಮತ್ತು ಲೇಸರ್‌ಗಳಿಂದ ಒತ್ತಡ ಇಳಿಯದಿದ್ದಾಗ ದ್ರವ ಹೊರಹೋಗಲು ಹೊಸ ದಾರಿಯನ್ನು ನಿರ್ಮಿಸುತ್ತಾರೆ. 1968ರಿಂದ ಬಳಕೆಯಲ್ಲಿರುವ ಟ್ರೆಬೆಕ್ಯುಲೆಕ್ಟಮಿ ಇವುಗಳಲ್ಲಿ ಪ್ರಮುಖ. ಇದರ ನಂತರವೂ ನಿಯಮಿತ ತಪಾಸಣೆ ತಪ್ಪಿಸಬಾರದು.

7. ಹೆಚ್ಚಿನ ಎಚ್ಚರ ಬೇಕಾದವರು

ಅ) 40 ವರ್ಷ ದಾಟಿದ ಎಲ್ಲರೂ, ವಯಸ್ಸು ಏರಿದಂತೆ ಅಪಾಯವೂ ಏರುತ್ತದೆ.

ಆ) ಗ್ಲಾಕೋಮಾ ಇರುವವರ ಒಡಹುಟ್ಟಿದವರು ಹಾಗೂ ಮಕ್ಕಳು. ಒಂದು ಮನೆಯಲ್ಲಿ ಒಬ್ಬರಿಗೆ ರೋಗ ಪತ್ತೆಯಾದರೆ ಆ ಮನೆಯ ಉಳಿದವರನ್ನೂ ಪರೀಕ್ಷಿಸಬೇಕು.

ಇ) ಮಧುಮೇಹಿಗಳು, ಹೆಚ್ಚಿನ ಮೈನಸ್ ಕನ್ನಡಕ ಧರಿಸುವವರು, ಹಿಂದೆಂದಾದರೂ ಕಣ್ಣಿಗೆ ಬಲವಾದ ಪೆಟ್ಟು ಬಿದ್ದವರು. ಪೆಟ್ಟಿನ ಪರಿಣಾಮ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು.

ಈ) ಸ್ಟೀರಾಯ್ಡ್ ಔಷಧ ಬಳಸುವವರು. ಧೂಳು, ಅಲರ್ಜಿಯಿಂದ ಕಣ್ಣು ಕೆಂಪಾಗಿ ತುರಿಸಿದಾಗ ವೈದ್ಯರ ಚೀಟಿಯಿಲ್ಲದೆ ಔಷಧದ ಅಂಗಡಿಯಿಂದ ಹನಿ ತಂದು ತಿಂಗಳುಗಟ್ಟಲೆ ಹಾಕುವ ರೂಢಿಯಿದೆ. ಅಂತಹ ಹನಿಗಳಲ್ಲಿ ಸ್ಟೀರಾಯ್ಡ್ ಇದ್ದರೆ ತಕ್ಷಣ ತುರಿಕೆ ಶಮನವಾಗುತ್ತದೆ; ಆದರೆ ಕೆಲವರಲ್ಲಿ ಕಣ್ಣಿನ ಒತ್ತಡ ಏರಿ ನರ ಹಾಳಾಗುತ್ತದೆ. ಶಾಲಾ ಮಕ್ಕಳೂ ಇದಕ್ಕೆ ಬಲಿಯಾಗುತ್ತಾರೆ. ಇದು ಪೂರ್ಣವಾಗಿ ತಪ್ಪಿಸಬಹುದಾದ ಅಂಧತ್ವ.

ಉ) ಪೊರೆಯನ್ನು ಬಲಿಯಲು ಬಿಟ್ಟವರು. ಅತಿಯಾಗಿ ಬಲಿತ ಪೊರೆ ಉಬ್ಬಿಯೋ ಸೋರಿಯೋ ಒತ್ತಡವನ್ನು ಹಠಾತ್ತನೆ ಏರಿಸಬಲ್ಲದು. ಪೊರೆ ಹಣ್ಣಾಗುವವರೆಗೆ ಕಾಯಬೇಕೆಂಬುದು ಹಳೆಯ ಕಾಲದ ಮಾತು. ಇಂದಿನ ಶಸ್ತ್ರಚಿಕಿತ್ಸೆಗೆ ಅದು ಅಗತ್ಯವಿಲ್ಲ.

ಊ) ಶಿಶುಗಳು. ಹುಟ್ಟಿನಿಂದಲೇ ಬರುವ ಗ್ಲಾಕೋಮಾ ಅಪರೂಪವಾದರೂ ಗಂಭೀರ. ರಕ್ತಸಂಬಂಧದ ವಿವಾಹವಿರುವ ಕುಟುಂಬಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಮಗುವಿನ ಕಣ್ಣು ಅಸಹಜವಾಗಿ ದೊಡ್ಡದಾಗಿದ್ದರೆ, ಕರಿಗುಡ್ಡೆ ಮಂಜಾಗಿದ್ದರೆ, ಬೆಳಕಿಗೆ ಕಣ್ಣು ಮುಚ್ಚಿಕೊಂಡು ಸದಾ ನೀರು ಸುರಿಸುತ್ತಿದ್ದರೆ “ದೊಡ್ಡ ಕಣ್ಣು, ಲಕ್ಷಣವಾಗಿದೆ” ಎಂದು ಸುಮ್ಮನಿರದೆ ಕೂಡಲೇ ತಜ್ಞರಿಗೆ ತೋರಿಸಬೇಕು.

ತುರ್ತು ಲಕ್ಷಣ: ಹಠಾತ್ತನೆ ಒಂದು ಕಣ್ಣು ಕೆಂಪಾಗಿ ತೀವ್ರವಾಗಿ ನೋಯುವುದು, ಅದೇ ಬದಿಯ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆಗಳು ಕಾಣುವುದು, ದೃಷ್ಟಿ ಮಂಜಾಗುವುದು. ಪಿತ್ತ ಕೆರಳಿದೆ ಎಂದೋ ಅರೆತಲೆನೋವು ಎಂದೋ ಮನೆಮದ್ದು ಮಾಡುತ್ತ ಕುಳಿತರೆ ಕಣ್ಣು ಶಾಶ್ವತವಾಗಿ ಹೋಗಬಹುದು. ಅದೇ ದಿನ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಬೇಕು.

8. ಗ್ರಾಮ ಪಂಚಾಯತಿಗಳು ಮಾಡಬಹುದಾದ ಕಾರ್ಯಗಳು

(1) ಚಾಳೀಸು ಕನ್ನಡಕದ ಸಂದರ್ಭವನ್ನು ಬಳಸಿಕೊಳ್ಳುವುದು. 40ರ ಆಸುಪಾಸಿನಲ್ಲಿ ಅನೇಕರು ಓದುವ ಕನ್ನಡಕಕ್ಕಾಗಿ ಕಣ್ಣು ತೋರಿಸುತ್ತಾರೆ. ಸಂತೆಯಲ್ಲಿ ಕನ್ನಡಕ ಕೊಂಡು ಆ ಅವಕಾಶವನ್ನು ಕಳೆದುಕೊಳ್ಳದೆ, ಆಸ್ಪತ್ರೆಯಲ್ಲಿ ಒತ್ತಡ ಮತ್ತು ದೃಷ್ಟಿನರ ಎರಡನ್ನೂ ನೋಡಿಸಿಕೊಳ್ಳುವಂತೆ ಗ್ರಾಮ ಸಭೆಯಲ್ಲಿ ತಿಳಿವಳಿಕೆ ನೀಡುವುದು.

(2) ಕಣ್ಣಿನ ಶಿಬಿರಗಳನ್ನು ಏರ್ಪಡಿಸುವವರನ್ನು ಮುಂಚಿತವಾಗಿ ಮೂರು ಪ್ರಶ್ನೆ ಕೇಳುವುದು: ಒತ್ತಡವನ್ನು ಅಳೆಯುತ್ತೀರಾ? ದೃಷ್ಟಿನರವನ್ನು ನೋಡುತ್ತೀರಾ? ಸಂಶಯ ಕಂಡವರನ್ನು ಯಾವ ಆಸ್ಪತ್ರೆಗೆ ಕಳುಹಿಸುತ್ತೀರಿ? ಕಳುಹಿಸಿದವರ ಪಟ್ಟಿಯ ಒಂದು ಪ್ರತಿ ಆಶಾ ಕಾರ್ಯಕರ್ತೆಯರ ಬಳಿ ಇರುವಂತೆ ನೋಡಿಕೊಳ್ಳುವುದು.

(3) ರಾಜ್ಯ ಸರ್ಕಾರದ ಆಶಾಕಿರಣ ಕಾರ್ಯಕ್ರಮ ಜಾರಿಯಲ್ಲಿರುವ ಕಡೆ, ಮನೆ ಮನೆಯ ತಪಾಸಣೆಗೆ ಬರುವವರಿಗೆ ಸಹಕರಿಸುವುದು. ಅಕ್ಷರ ಓದುವ ಪರೀಕ್ಷೆಯಲ್ಲಿ ತೇರ್ಗಡೆಯಾದರೂ, ಮೇಲ್ಕಂಡ ಪಟ್ಟಿಗೆ ಸೇರಿದವರು ಪೂರ್ಣ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ತಿಳಿಸುವುದು.

(4) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ, ಗ್ಲಾಕೋಮಾ ಚಿಕಿತ್ಸೆಯಲ್ಲಿರುವವರು ಔಷಧ ಮುಂದುವರಿಸುತ್ತಿದ್ದಾರೆಯೇ ಎಂಬುದನ್ನು ಕಾಲಕಾಲಕ್ಕೆ ಪರಿಶೀಲಿಸುವುದು. ರೋಗಿಗಳ ವಿವರಗಳು ಆರೋಗ್ಯ ಕಾರ್ಯಕರ್ತರಲ್ಲಿಯೇ ಉಳಿಯಲಿ. ಸಾರ್ವಜನಿಕವಾಗಿ ಹೆಸರು ಓದಬಾರದು. ಔಷಧ ನಿಂತಿದ್ದರೆ ಕಾರಣ ಹಣವೇ, ಬಸ್ಸಿನ ಅಭಾವವೇ, ಜೊತೆಗೆ ಬರುವವರಿಲ್ಲದಿರುವುದೇ ಎಂದು ತಿಳಿದು ನೆರವಾಗುವುದು.

(5) ವೈದ್ಯರ ಚೀಟಿಯಿಲ್ಲದೆ ಕಣ್ಣಿನ ಹನಿ ಕೊಳ್ಳದಂತೆ ಜನರಿಗೂ, ಮಾರದಂತೆ ಔಷಧದ ಅಂಗಡಿಗಳವರಿಗೂ ತಿಳಿಹೇಳುವುದು.

(6) ಆಗಲೇ ದೃಷ್ಟಿ ಕಳೆದುಕೊಂಡವರನ್ನು ಕೈಬಿಡದಿರುವುದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಡಿ ಅಂಧತ್ವ ಮತ್ತು ಮಂದದೃಷ್ಟಿ ಎರಡೂ ಅಂಗವೈಕಲ್ಯಗಳೇ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಗುರುತಿನ ಚೀಟಿ ಹಾಗೂ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸಲು ನೆರವಾಗುವುದು. ಉಳಿದಿರುವ ಅಲ್ಪ ದೃಷ್ಟಿಯನ್ನು ಕಾಪಾಡಲು ಅವರ ಚಿಕಿತ್ಸೆಯೂ ಮುಂದುವರಿಯಬೇಕು.

ಪಂಚಾಯತಿಯಿಂದ ಒತ್ತಡ ಅಳೆಯುವ ಯಂತ್ರವನ್ನು ಖರೀದಿಸುವ ಅಗತ್ಯವಿಲ್ಲ. ಮೇಲೆ ವಿವರಿಸಿದಂತೆ ಅಂಕಿಯೊಂದರಿಂದ ರೋಗವಿಲ್ಲವೆಂದು ಹೇಳಲಾಗದು. ತಪ್ಪು ಭರವಸೆಯಿಂದ ಹಾನಿಯೇ ಹೆಚ್ಚು. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ನೇತ್ರ ವಿಭಾಗಕ್ಕೆ, ಅಗತ್ಯಬಿದ್ದಲ್ಲಿ ವೈದ್ಯರ ಶಿಫಾರಸಿನ ಮೇರೆಗೆ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಂತಹ ಉನ್ನತ ಸಂಸ್ಥೆಗಳಿಗೆ ಜನರು ಸಕಾಲದಲ್ಲಿ ತಲುಪುವಂತೆ ಮಾಡುವುದೇ ಪಂಚಾಯತಿಯ ಮುಖ್ಯ ಕೆಲಸ.

ಸದಸ್ಯರು ಈ ಮಾಹಿತಿಯನ್ನು ಮುಂದಿನ ವಾರ್ಡ್ ಸಭೆ ಹಾಗೂ ಗ್ರಾಮ ಸಭೆಗಳಲ್ಲಿ ಓದಿ ಹೇಳಬೇಕೆಂದು, ಮತ್ತು 40 ವರ್ಷ ಮೀರಿದ ಸದಸ್ಯರು ತಾವೇ ಮೊದಲಾಗಿ ಕಣ್ಣಿನ ಪೂರ್ಣ ಪರೀಕ್ಷೆ ಮಾಡಿಸಿಕೊಂಡು ಇತರರಿಗೆ ಮಾದರಿಯಾಗಬೇಕೆಂದು ಕೋರಲಾಗಿದೆ.